ಕಡಿಮೆ ಉರಿದ ಟ್ಯೂಬ್‌ಗಾಗಿ ಹುಡುಕಾಟ

ಮರದ ಪೆಟ್ಟಿಗೆಯೊಳಗೆ ಕುಳಿತು, ಎಳೆದು ಮುಚ್ಚುವ ಬಾಗಿಲುಗಳನ್ನು ಹೊಂದಿರುವ ಈ 20 ಇಂಚಿನ ಕಪ್ಪು-ಬಿಳುಪು ಟಿವಿಯನ್ನು ನಮ್ಮ ತಂದೆ 1984ರಲ್ಲಿ ಕೊಂಡು ತಂದರು. ಬೆಂಗಳೂರಿನಿಂದ ದೂರದರ್ಶನದ ಪ್ರಸಾರ 1981ರ ನವೆಂಬರ್ 1ರಂದು ಆರಂಭವಾಗಿತ್ತು. ನಮ್ಮ ಬೀದಿಗೆ ಬಂದ ಮೊದಲ ಕೆಲವು ಸೆಟ್‌ಗಳಲ್ಲಿ ಇದೂ ಒಂದು. ಕಳೆದ ವರ್ಷ ಇದನ್ನು ಅಟ್ಟದಿಂದ ಇಳಿಸಿ, ಒಣಗಿದ ಕೆಪಾಸಿಟರ್‌ಗಳನ್ನೆಲ್ಲ ಬದಲಿಸಿ ಚಾಲೂ ಮಾಡಿದಾಗ ಧ್ವನಿ ಗಟ್ಟಿಯಾಗಿ ಬಂತು. ಚಿತ್ರವೂ ಬಂತು, ಆದರೆ ಮಾಗಿಯ ಮಂಜಿನಾಚೆಗಿನ ನೋಟದಂತೆ ಮಸುಕಾಗಿತ್ತು. ಬ್ರೈಟ್‌ನೆಸ್ ಏರಿಸಿದರೆ ಮುಖಗಳ ಬಿಳಿಯ ಭಾಗವೆಲ್ಲ ಸೀಸದ ಹಾಳೆಯಂತೆ ಬೂದುಬೂದಾಗಿ ಮಿನುಗುತ್ತಿತ್ತು. ಹಳೆಯ ಮೆಕ್ಯಾನಿಕ್‌ಗಳು ಇದನ್ನು ನೋಡಿದ ಕೂಡಲೇ ‘ಟ್ಯೂಬ್ ವೀಕ್ ಆಗಿದೆ’ ಎನ್ನುತ್ತಾರೆ.

ಟ್ಯೂಬ್ ವೀಕ್ ಆಗುವುದೆಂದರೆ ಏನೆಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನನ್ನ ಇಡೀ ಹುಡುಕಾಟ ತಿರುಗಿದ್ದು ಆ ಒಂದು ಸಂಗತಿಯ ಸುತ್ತ. ಪಿಕ್ಚರ್ ಟ್ಯೂಬ್, ಎಂದರೆ ಚಿತ್ರ ಮೂಡಿಸುವ ಗಾಜಿನ ಬುರುಡೆ. ಅದರ ಕತ್ತಿನೊಳಗೆ ಎಲೆಕ್ಟ್ರಾನ್ ಗನ್ ಇರುತ್ತದೆ. ಎಲೆಕ್ಟ್ರಾನ್‌ಗಳನ್ನು ಹೊರಸೂಸುವ ಅದರ ಭಾಗವಾದ ಕ್ಯಾಥೋಡ್‌ನ ತುದಿಗೆ ಬೇರಿಯಂ ಮತ್ತು ಸ್ಟ್ರಾಂಶಿಯಂ ಆಕ್ಸೈಡ್‌ಗಳ ತೆಳುವಾದ ಲೇಪನವಿರುತ್ತದೆ. ಹೀಟರ್ ಅದನ್ನು ಕೆಂಪಗೆ ಕಾಯಿಸಿದಾಗ ಎಲೆಕ್ಟ್ರಾನ್‌ಗಳು ಹೊರಟು, ಪರದೆಗೆ ಬಡಿದು ಚಿತ್ರವನ್ನು ಬೆಳಗಿಸುತ್ತವೆ. ಈ ಲೇಪನ ಸವೆಯುವುದು ಮುಖ್ಯವಾಗಿ ಟಿವಿ ಉರಿದ ಗಂಟೆಗಳಿಂದಲೇ ಹೊರತು ಕಳೆದ ವರ್ಷಗಳಿಂದಲ್ಲ. ನಿರ್ವಾತ ಕೆಡದಿದ್ದರೆ, ನಲವತ್ತು ವರ್ಷ ಮೂಲೆಯಲ್ಲಿ ಕುಳಿತ ಟ್ಯೂಬ್ ಹೊಸದರಷ್ಟೇ ಚೆನ್ನಾಗಿರಲು ಸಾಧ್ಯ. ಇದು ನನಗೆ ತಡವಾಗಿ ಹೊಳೆಯಿತು.

ಮೊದಲು ನಾನು ಇದ್ದ ಟ್ಯೂಬನ್ನೇ ಚೇತರಿಸಲು ನೋಡಿದೆ. ಹೀಟರ್‌ಗೆ ಸ್ವಲ್ಪ ಹೊತ್ತು ಹೆಚ್ಚಿನ ವೋಲ್ಟೇಜ್ ಕೊಟ್ಟು, ಎಲೆಕ್ಟ್ರಾನ್‌ಗಳ ಹರಿವನ್ನು ಹತೋಟಿಯಲ್ಲಿಡುವ ಗ್ರಿಡ್ ಮತ್ತು ಕ್ಯಾಥೋಡ್ ನಡುವೆ ಕರೆಂಟ್ ಹಾಯಿಸಿದರೆ ಲೇಪನದ ಮೇಲ್ಪದರ ಹೋಗಿ ಒಳಗಿನ ಸತ್ವ ಹೊರಬರುತ್ತದೆ. ಚಿತ್ರ ಅದ್ಭುತವಾಗಿ ಬೆಳಗಿತು, ಹನ್ನೊಂದು ದಿನ ಉಳಿಯಿತು, ಅನಂತರ ಮೊದಲಿಗಿಂತಲೂ ಮಂಕಾಯಿತು. ಬೇರೆ ಟ್ಯೂಬ್ ಹುಡುಕದೆ ದಾರಿಯಿರಲಿಲ್ಲ.

ಹೊಸದನ್ನು ಕೊಳ್ಳುವ ಮಾತೇ ಇಲ್ಲ. ಕಪ್ಪು-ಬಿಳುಪು ಪಿಕ್ಚರ್ ಟ್ಯೂಬ್‌ಗಳನ್ನು ಒಂದು ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ, ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸುತ್ತಿತ್ತು; ಅವುಗಳ ಗಾಜಿನ ಬುರುಡೆಗಾಗಿಯೇ ಮಹಾರಾಷ್ಟ್ರದ ತಲೋಜಾದಲ್ಲಿ ಒಂದು ಘಟಕವಿತ್ತು. ಇಂದು ಅಂಥ ಟ್ಯೂಬನ್ನು ಯಾರೂ ತಯಾರಿಸುವುದಿಲ್ಲ. ಹಳೆಯ ಟ್ಯೂಬ್‌ನ ಕತ್ತು ಕತ್ತರಿಸಿ, ಹೊಸ ಗನ್ ಬೆಸೆದು, ಮತ್ತೆ ಗಾಳಿ ಹೀರಿ ಮುಚ್ಚುವ ಕುಶಲಕರ್ಮಿಗಳೂ ಈಗ ಸಿಗುವುದಿಲ್ಲ. ಅಮೆರಿಕದಲ್ಲಿ ಈ ಕೆಲಸ ಮಾಡುತ್ತಿದ್ದ ಅಯೋವಾದ ಹಾಕ್-ಐ ಎಂಬ ಕಂಪನಿ ಕೂಡ 2010ರಲ್ಲಿ ಬಾಗಿಲು ಮುಚ್ಚಿತು. ಅಂಥ ವಿದ್ಯೆ ಕೈಯಿಂದ ಕೈಗೆ ದಾಟದೆ ನಿಂತುಹೋದದ್ದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಎಲೆಕ್ಟ್ರಾನಿಕ್ ಸಾಮಾನುಗಳು ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆಯ ಓಣಿಗಳಲ್ಲಿ ಮೂರು ಶನಿವಾರ ಅಲೆದೆ. ಒಂದು ಅಂಗಡಿಯಲ್ಲಿ ‘ಹೊಸದೇ, ಡಬ್ಬ ಒಡೆದಿಲ್ಲ’ ಎಂದು ಹೇಳಿ ಕೊಟ್ಟ ಟ್ಯೂಬನ್ನು ಮನೆಗೆ ತಂದು ಬಿಚ್ಚಿದರೆ, ಕತ್ತಿನ ಬಳಿ ಒಳಗೋಡೆಯ ಮೇಲೆ ಕನ್ನಡಿಯಂತೆ ಹೊಳೆಯಬೇಕಾಗಿದ್ದ ಬೇರಿಯಂ ಗೆಟರ್ (ಒಳಗೆ ಉಳಿದ ಗಾಳಿಯನ್ನು ಹೀರಿಕೊಳ್ಳುವ ಲೇಪನ) ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಒಳಗೆ ಗಾಳಿ ನುಗ್ಗಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಅಂದಿನಿಂದ ನಾನು ಯಾವ ಟ್ಯೂಬನ್ನು ನೋಡಲು ಹೋದರೂ ಮೊದಲು ಟಾರ್ಚ್ ಹಿಡಿದು ಆ ಕನ್ನಡಿಯನ್ನು ಹುಡುಕುತ್ತೇನೆ.

ಇನ್ನೊಂದು ತಪ್ಪು ತಿಳಿವಳಿಕೆಯೂ ನನ್ನಲ್ಲಿತ್ತು. ಅದೇ ಕಂಪನಿಯ ಅದೇ ಮಾಡೆಲ್‌ನ ಟಿವಿ ಸಿಗಬೇಕು ಎಂದುಕೊಂಡಿದ್ದೆ. ಅದರ ಅಗತ್ಯವಿಲ್ಲ. ಟ್ಯೂಬ್‌ನ ಬೆನ್ನಿಗೆ ಅಂಟಿಸಿದ ಚೀಟಿಯನ್ನು ಓದಲು ಬಂದರೆ ಸಾಕು. ಉದಾಹರಣೆಗೆ ‘ಎ50-120ಡಬ್ಲ್ಯೂ’ ಎಂಬ ಯುರೋಪಿನ ಸಂಕೇತದಲ್ಲಿ ‘ಎ’ ಎಂದರೆ ಟಿವಿ ಟ್ಯೂಬ್, 50 ಎಂದರೆ ಸೆಂಟಿಮೀಟರ್‌ಗಳಲ್ಲಿ ಕರ್ಣದ ಅಳತೆ, ‘ಡಬ್ಲ್ಯೂ’ ಎಂದರೆ ಬಿಳಿಯ ಪರದೆ. ಬಣ್ಣದ ಟ್ಯೂಬ್ ಆಗಿದ್ದರೆ ಅಲ್ಲಿ ‘ಎಕ್ಸ್’ ಇರುತ್ತದೆ. ಪರದೆಯ ಅಳತೆಯ ಜೊತೆಗೆ ಕಿರಣ ಬಾಗುವ ಕೋನ, ಕತ್ತಿನ ದಪ್ಪ, ಪಿನ್‌ಗಳ ಜೋಡಣೆ, ಹೀಟರ್ ವೋಲ್ಟೇಜ್ ಇಷ್ಟೂ ಹೊಂದಬೇಕು. ನನ್ನ ಸೆಟ್ಟಿಗೆ ಬೇಕಾದದ್ದು 110 ಡಿಗ್ರಿ ಕೋನ, 28 ಮಿಲಿಮೀಟರ್ ಕತ್ತು, 6.3 ವೋಲ್ಟ್ ಹೀಟರ್. ಬ್ಯಾಟರಿಯಲ್ಲೂ ನಡೆಯುವ 12 ಇಂಚಿನ ಪೋರ್ಟೆಬಲ್‌ಗಳಲ್ಲಿ ಕತ್ತು 20 ಮಿಲಿಮೀಟರ್, ಹೀಟರ್ 11 ಅಥವಾ 12 ವೋಲ್ಟ್. ಅವುಗಳ ಲೆಕ್ಕವೇ ಬೇರೆ.

ಇಷ್ಟು ತಿಳಿದ ಮೇಲೆ ನಾನು ಅಂಗಡಿಗಳನ್ನು ಬಿಟ್ಟು, ಟಿವಿ ಕೊಂಡರೂ ಹೆಚ್ಚು ನೋಡದೆ ಉಳಿದ ಮನೆಗಳನ್ನು ವಿಚಾರಿಸತೊಡಗಿದೆ. ಅರಸೀಕೆರೆಯ ಹತ್ತಿರದ ಒಂದು ಹಳ್ಳಿಯಲ್ಲಿ, ಸಂಬಂಧಿಕರೊಬ್ಬರ ಪರಿಚಯದ ಮನೆಯಲ್ಲಿ ಅಂಥ ಸೆಟ್ ಇದೆಯೆಂದು ತಿಳಿಯಿತು. ಊರು ಗುಡ್ಡದ ಮರೆಯಲ್ಲಿದ್ದುದರಿಂದ ಎಷ್ಟು ಎತ್ತರದ ಆಂಟೆನಾ ಹಾಕಿದರೂ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲವಂತೆ, ಸಂಜೆಯಾದರೆ ಕರೆಂಟೂ ಇರುತ್ತಿರಲಿಲ್ಲವಂತೆ. ಮನೆಯ ಅಜ್ಜಿ ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ, ದೇವರ ಪಟ ಇಟ್ಟು, ಮೂವತ್ತು ವರ್ಷ ಅದನ್ನು ಮೇಜಿನಂತೆ ಬಳಸಿದ್ದರು. ಪೆಟ್ಟಿಗೆಗೆ ಗೆದ್ದಲು ಹಿಡಿದಿತ್ತು, ಸರ್ಕ್ಯೂಟ್ ಬೋರ್ಡನ್ನು ಇಲಿಗಳು ಹಾಳುಮಾಡಿದ್ದವು. ಒಂದು ಒಳ್ಳೆಯ ಸೆಟ್ಟನ್ನು ಕೊಂದು ಇನ್ನೊಂದನ್ನು ಬದುಕಿಸುವ ಪಾಪ ನನಗೆ ಬರಲಿಲ್ಲ ಎಂಬ ಸಮಾಧಾನವನ್ನು ಇಲ್ಲಿ ಹೇಳಿಕೊಳ್ಳುತ್ತೇನೆ.

ಈ ದೃಶ್ಯವನ್ನು ದಯವಿಟ್ಟು ಗಮನಿಸಿ. ಜೊತೆಯಲ್ಲಿ ಒಯ್ದಿದ್ದ ಸಣ್ಣ ಟ್ರಾನ್ಸ್‌ಫಾರ್ಮರ್‌ನಿಂದ ಹೀಟರ್‌ಗೆ 6.3 ವೋಲ್ಟ್ ಕೊಟ್ಟು, ಹಳೆಯ ಮುಳ್ಳಿನ ಮೀಟರನ್ನು ಗ್ರಿಡ್ ಮತ್ತು ಕ್ಯಾಥೋಡ್ ನಡುವೆ ಹಿಡಿದಿದ್ದೇನೆ. ನಮ್ಮ ಮನೆಯ ಟ್ಯೂಬ್‌ನಲ್ಲಿ ಮುಳ್ಳು ಕದಲಿರಲೇ ಇಲ್ಲ. ಇಲ್ಲಿ ಕತ್ತಿನೊಳಗೆ ಕಿತ್ತಳೆ ಬೆಳಕು ಮೂಡಿ ಅರ್ಧ ನಿಮಿಷವಾಗುವಷ್ಟರಲ್ಲಿ ಮುಳ್ಳು ನಿಧಾನವಾಗಿ ಎದ್ದು ಡಯಲ್‌ನ ಅರ್ಧವನ್ನು ದಾಟಿತು. ಅಜ್ಜಿ ನನ್ನ ಮುಖ ನೋಡಿಯೇ ‘ಸಿಕ್ತೇನಪ್ಪಾ?’ ಎಂದು ಕೇಳಿದರು.

ಬದಲಿಸುವ ಕೆಲಸದಲ್ಲಿ ಅವಸರ ಸಲ್ಲದು. ಇಂಥ ಸೆಟ್‌ನಲ್ಲಿ ಎಲೆಕ್ಟ್ರಾನ್‌ಗಳನ್ನು ಪರದೆಯತ್ತ ಸೆಳೆಯುವ ಟ್ಯೂಬ್‌ನ ಆನೋಡ್‌ಗೆ ಹದಿನೈದು ಸಾವಿರ ವೋಲ್ಟ್‌ಗೂ ಹೆಚ್ಚು ಹೋಗುತ್ತದೆ. ಒಳಹೊರಗಿನ ಗ್ರಾಫೈಟ್ ಲೇಪನಗಳು ಸೇರಿ ಕೆಪಾಸಿಟರ್‌ನಂತೆ ಆ ಚಾರ್ಜನ್ನು ಹಿಡಿದಿಡುತ್ತವೆ. ಒಮ್ಮೆ ಡಿಸ್ಚಾರ್ಜ್ ಮಾಡಿದ ಮೇಲೂ ಸ್ವಲ್ಪ ಮರಳಿ ಬರುವುದರಿಂದ ನಾನು ಬಿಡುವು ಕೊಟ್ಟು ಮೂರು ಬಾರಿ ಮಾಡಿದೆ. ಈ ಪರದೆಯ ಮೇಲೆ ಹೊರಗಿನ ಗಾಳಿ ಒಂದು ಟನ್‌ಗಿಂತ ಹೆಚ್ಚು ಭಾರದಿಂದ ಒತ್ತುತ್ತಿರುತ್ತದೆ, ಆದ್ದರಿಂದ ಕನ್ನಡಕ ಮತ್ತು ದಪ್ಪ ಕೈಗವಸು ಇಲ್ಲದೆ ಯಾರೂ ಟ್ಯೂಬನ್ನು ಎತ್ತಬಾರದು, ಕತ್ತನ್ನು ಹಿಡಿದಂತೂ ಎತ್ತಲೇಬಾರದು. ಕತ್ತಿನ ಸುತ್ತ ಕುಳಿತು ಕಿರಣವನ್ನು ಬಾಗಿಸುವ ಯೋಕ್ ಕಾಯಿಲನ್ನು ನಮ್ಮ ಹಳೆಯ ಟ್ಯೂಬ್‌ನಿಂದಲೇ ಬಿಚ್ಚಿ ತೊಡಿಸಿದೆ. ಅಂಟಿಕೊಂಡಿದ್ದ ಅದನ್ನು ಒಂದೊಂದೇ ಮಿಲಿಮೀಟರ್ ಸರಿಸಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು.

ಅನಲಾಗ್ ಪ್ರಸಾರ ನಿಂತಿರುವುದರಿಂದ ಸೆಟ್-ಟಾಪ್ ಬಾಕ್ಸ್‌ನ ಸಿಗ್ನಲನ್ನು ಆರ್.ಎಫ್. ಮಾಡ್ಯುಲೇಟರ್ (ಅದನ್ನು ಹಳೆಯ ಆಂಟೆನಾ ಸಿಗ್ನಲ್‌ನ ರೂಪಕ್ಕೆ ತರುವ ಸಾಧನ) ಮೂಲಕ ಕೊಟ್ಟಿದ್ದೇನೆ. ಈಗ ಕಾಣುತ್ತಿರುವುದು ಮೊದಲ ಚಿತ್ರ: ವಾರ್ತೆ ಓದುತ್ತಿರುವ ಹೆಣ್ಣುಮಗಳ ಸೀರೆಯ ಅಂಚಿನ ಗೆರೆಗಳನ್ನು ಎಣಿಸಬಹುದು. ಚಿತ್ರ ಎಡಕ್ಕೆ ತುಸು ವಾಲಿದೆ. ಯೋಕನ್ನು ಕೂದಲೆಳೆಯಷ್ಟು ತಿರುಗಿಸಿ ಅದನ್ನು ಸರಿಪಡಿಸುತ್ತಿರುವ ಕೈ ನನ್ನದು, ಎದುರಿಗೆ ಕನ್ನಡಿ ಹಿಡಿದು ‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ’ ಎನ್ನುತ್ತಿರುವ ಧ್ವನಿ ನಮ್ಮ ತಂದೆಯದು.