ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡೇ ಅರ್ಜಿ ತುಂಬಿ

ಕೇಳುಗರಿಗೆಲ್ಲ ನಮಸ್ಕಾರ. ಕಲಬುರಗಿಯಲ್ಲಿ ಬಹಳ ವರ್ಷಗಳಿಂದ ಟಿಕೆಟ್, ವೀಸಾ ಕೆಲಸ ಮಾಡಿಕೊಂಡು ಬಂದವನು ನಾನು. ಸ್ವಲ್ಪ ದಿನದ ಮಟ್ಟಿಗೆ ಹೊರದೇಶಕ್ಕೆ ಹೋಗುವವರು ಆನ್‌ಲೈನಿನಲ್ಲೇ ಪಡೆಯುವ ಅನುಮತಿ ಇದೆಯಲ್ಲ, ಇಟಿಎ, ಇವತ್ತು ಅದರ ಬಗ್ಗೆ ಹೇಳುತ್ತೇನೆ.

ಶ್ರೀಲಂಕಾ ಇದನ್ನು 2012ರಲ್ಲೇ ಶುರು ಮಾಡಿತು. ಕೆನ್ಯಾ 2024ರ ಜನವರಿಯಲ್ಲಿ ವೀಸಾ ತೆಗೆದು ಇದನ್ನು ತಂದಿತು. ರಾಯಭಾರ ಕಚೇರಿಗೆ ಅಲೆಯಬೇಕಿಲ್ಲ. ಮೊಬೈಲಿನಲ್ಲೇ ಅರ್ಜಿ, ಇಮೇಲಿಗೇ ಉತ್ತರ. ಸುಲಭ ಅಲ್ವಾ? ಸುಲಭ ಅಂತಲೇ ಜನ ಗಡಿಬಿಡಿ ಮಾಡುತ್ತಾರೆ. ಅದಕ್ಕೆ ನನ್ನದು ಒಂದೇ ಮಾತು. ಪಾಸ್‌ಪೋರ್ಟ್ ಎದುರಿಗೆ ಇಟ್ಟುಕೊಳ್ಳಿ. ಅದರಲ್ಲಿ ಇದ್ದ ಹಾಗೆಯೇ ಬರೆಯಿರಿ. ಆಧಾರ್ ನೋಡಿ ಬೇಡ, ಮಾರ್ಕ್ಸ್ ಕಾರ್ಡ್ ನೋಡಿ ಬೇಡ, ನೆನಪಿನಿಂದಂತೂ ಬೇಡವೇ ಬೇಡ.

ಚಿತ್ತಾಪುರ ಕಡೆಯ ಒಬ್ಬ ನಿವೃತ್ತ ಮಾಸ್ತರರು ಶ್ರೀಲಂಕಾಕ್ಕೆ ಹೊರಟಿದ್ದರು. ಅವರಿಗೆ ಅನುರಾಧಪುರದ ಬೋಧಿವೃಕ್ಷ ನೋಡುವ ಆಸೆ. ನಮ್ಮ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ. ಆ ಅಶೋಕನ ಮಗಳು ಸಂಘಮಿತ್ರೆ ಬೋಧಿಯ ಸಸಿಯನ್ನು ಅಲ್ಲಿಗೆ ಒಯ್ದಳು ಅಂತ ಹೇಳುತ್ತಾರೆ. ಮಾಸ್ತರರು ಇದನ್ನು ಮಕ್ಕಳಿಗೆ ಹೇಳುತ್ತಲೇ ನೌಕರಿ ಮುಗಿಸಿದವರು. ಊರಿನ ಕೆಲವರ ಜೊತೆ ಟಿಕೆಟ್ ಆಯಿತು. ಅರ್ಜಿ ತುಂಬಿದ್ದು ಮೊಮ್ಮಗ, ವಾಟ್ಸಾಪಿನಲ್ಲಿ ಬಂದ ಮಸುಕು ಫೋಟೋ ನೋಡಿಕೊಂಡು! ಪಾಸ್‌ಪೋರ್ಟ್ ನಂಬರಿನಲ್ಲಿ ಸೊನ್ನೆ ಇದ್ದ ಕಡೆ ಹುಡುಗ ಇಂಗ್ಲಿಷಿನ ಓ ಅಕ್ಷರ ಒತ್ತಿದ. ಅನುಮತಿಯೂ ಬಂತು. ಎಲ್ಲರೂ ಖುಷಿ.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಕೌಂಟರಿನವರು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ನಂಬರ್ ತಾಳೆ ಆಗಲಿಲ್ಲ. ಮಾಸ್ತರರು ನನಗೆ ಫೋನ್ ಮಾಡಿದರು. "ಎಲ್ಲಾ ಕಾಗದ ಅದಾವ್ರೀ, ಆದ್ರೂ ಒಳಗ ಬಿಡವಲ್ರು" ಅಂದರು. ಜೊತೆಗಾರರ ವಿಮಾನ ಹೋಯಿತು. ಇವರು ಅಲ್ಲೇ ಕೂತು ಹೊಸದಾಗಿ ಅರ್ಜಿ ಹಾಕಿ, ಹೊಸ ಟಿಕೆಟ್ ತೆಗೆಸಿ, ಮರುದಿನ ಒಬ್ಬರೇ ಹೋದರು. ಆ ವಯಸ್ಸಿನಲ್ಲಿ ಆ ಒದ್ದಾಟ ಯಾಕೆ ಬೇಕಿತ್ತು ಹೇಳಿ?

ನೋಡಿ, ಭಾರತದ ಪಾಸ್‌ಪೋರ್ಟ್ ನಂಬರಿನಲ್ಲಿ ಮೊದಲು ಒಂದು ಅಕ್ಷರ, ಆಮೇಲೆ 7 ಅಂಕಿ. ಅಷ್ಟೇ. ಆ 7ರಲ್ಲಿ ದುಂಡಗೆ ಕಂಡರೆ ಅದು ಸೊನ್ನೆಯೇ. ಹೆಸರೂ ಹಾಗೆಯೇ. ಫೋಟೋ ಇರುವ ಪುಟದ ತಳದಲ್ಲಿ ಎರಡು ಸಾಲು ಇವೆ, ಒಂದೊಂದರಲ್ಲಿ 44 ಗುರುತು. ವಿಮಾನ ನಿಲ್ದಾಣದ ಯಂತ್ರ ಓದುವುದು ಅದನ್ನೇ. ಮನೆಯಲ್ಲಿ ಏನಂತ ಕರೆಯುತ್ತಾರೆ, ಶಾಲೆಯಲ್ಲಿ ಏನು ಬರೆಸಿದ್ದರು, ಯಂತ್ರಕ್ಕೆ ಬೇಕಿಲ್ಲ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಬರೆಯಿರಿ. ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರಾಗಬೇಡಿ.

ಸಮಯ ಜಾಸ್ತಿ ಉಳಿದಿಲ್ಲ, ಬೇಗ ಹೇಳಿಬಿಡುತ್ತೇನೆ. ಪಾಸ್‌ಪೋರ್ಟಿನ ಅವಧಿ ಇನ್ನೂ 6 ತಿಂಗಳಾದರೂ ಇರಲಿ. ಗೂಗಲಿನಲ್ಲಿ ಹುಡುಕಿದಾಗ ಮೇಲೆ ಬಂದದ್ದೆಲ್ಲ ಸರ್ಕಾರದ ತಾಣ ಅಲ್ಲ. ಸುಮ್ನೆ ಎರಡು ಪಟ್ಟು ದುಡ್ಡು ಕೀಳುವವರೂ ಇದ್ದಾರೆ. ಶ್ರೀಲಂಕಾ ಸರ್ಕಾರದ್ದು ಇಟಿಎ ಡಾಟ್ ಗವ್ ಡಾಟ್ ಎಲ್‌ಕೆ. ಬರೆದುಕೊಳ್ಳಿ. ಥಾಯ್ಲೆಂಡಿಗೆ ಹೋಗುವವರು 2025ರ ಮೇ ತಿಂಗಳಿಂದ ಆನ್‌ಲೈನಿನಲ್ಲಿ ಆಗಮನದ ಕಾರ್ಡ್ ತುಂಬಬೇಕು. ಅದು ಉಚಿತ, ಯಾರಿಗೂ ದುಡ್ಡು ಕೊಡಬೇಡಿ. ಅನುಮತಿ ಬಂದ ತಕ್ಷಣ ಪ್ರಿಂಟ್ ತೆಗೆದು, ಪಾಸ್‌ಪೋರ್ಟ್ ಪಕ್ಕ ಇಟ್ಟು, ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿ. ತಪ್ಪು ಕಂಡರೆ ಮನೆಯಲ್ಲಿರುವಾಗಲೇ ಸರಿಮಾಡಿಸಬಹುದು. ನಮಸ್ಕಾರ.