ಗಿಡ ಕೊಡುವ ಮುಂಚಿನ ಒಂದು ತಿಂಗಳು

ಎಲ್ಲರಿಗೂ ನಮಸ್ಕಾರ.

ಜೂನ್ ಎರಡನೇ ಭಾನುವಾರ, ಅಂದರೆ ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ, ಇದೇ ಸಭಾಭವನದಲ್ಲಿ ನಮ್ಮ ಗಿಡ ವಿನಿಮಯ. "ಇನ್ನೂ ಒಂದು ತಿಂಗಳಿದೆ, ಈಗಲೇ ಏನು ಮಾತಾಡುವುದು?" ಎಂದು ಬಾಗಿಲಲ್ಲೇ ಒಬ್ಬರು ಕೇಳಿದರು. ಒಂದು ತಿಂಗಳಿದೆ ಅಂತಲೇ ಈ ಮಾತು. ಹಿಂದಿನ ದಿನ ಸಂಜೆ ಅಂಗಳ ಸುತ್ತಿ, ಕೈಗೆ ಸಿಕ್ಕ ಟೊಂಗೆ ಮುರಿದು ಚೀಲಕ್ಕೆ ತುರುಕಿ ತಂದರೆ ಅದು ಇನ್ನೊಬ್ಬರ ಮನೆಯಲ್ಲಿ ಮೂರು ದಿನ ಹಸಿರಾಗಿದ್ದು ನಾಲ್ಕನೇ ದಿನ ಬಾಡುತ್ತದೆ. ತಗೊಂಡವರು ತಮ್ಮ ಕೈಗುಣವೇ ಸರಿಯಿಲ್ಲ ಎಂದು ಸುಮ್ಮನಾಗುತ್ತಾರೆ. ಹೊಸದಾಗಿ ತೋಟ ಶುರುಮಾಡಿದ ಹುಡುಗಿಯರು ಹಾಗೆ ಕೈಬಿಟ್ಟದ್ದನ್ನು ನೋಡಿದ್ದೇನೆ. ಬೇರು ಬಿಟ್ಟ ಗಿಡ ಕೊಡಬೇಕೆಂದರೆ ಕೆಲಸ ಈ ವಾರವೇ ಶುರುವಾಗಬೇಕು.

ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರದ ಕಡೆಯ ಹೆಂಗಸರಿಗೆ ಗಿಡ ಕೊಟ್ಟು ತರುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದ ಬಾಗಿಲಿಗೆ ನೆಂಟರ ಮನೆಗೆ ಹೋದವರು ವಾಪಸು ಬರುವಾಗ ಕೈಯಲ್ಲೊಂದು ಅಡಕೆ ಹಾಳೆಯ ಕೊಟ್ಟೆ ಇರುತ್ತದೆ, ಅದರೊಳಗೆ ಡೇರೆಯ, ಅಂದರೆ ಡಾಲಿಯಾ ಹೂವಿನ, ಹಿಳ್ಳು (ಬುಡದಿಂದ ಎದ್ದ ಚಿಗುರು). ನಮ್ಮ ಶಿರಸಿಯ ವನಸ್ತ್ರೀ ಸಂಘಟನೆಯವರು ಮನೆತೋಟದ ಬೀಜಗಳನ್ನು ಕೈಯಿಂದ ಕೈಗೆ ದಾಟಿಸುವ ಕೆಲಸವನ್ನು ವರ್ಷಗಳಿಂದ ಶ್ರದ್ಧೆಯಿಂದ ಮಾಡಿಕೊಂಡು ಬಂದಿದ್ದಾರೆ, ಅವರ ಮಲೆನಾಡು ಮೇಳಕ್ಕೆ ನಿಮ್ಮಲ್ಲಿ ಹಲವರು ಹೋಗಿದ್ದೀರಿ. ನಮ್ಮದು ಕೇರಿಯ ಮಟ್ಟದ್ದು, ಸಣ್ಣದು. ಆದರೂ ಇದು ಬರೀ ಅಂಗಳದ ಅಂದಕ್ಕೆ ಮಾಡುವ ಕೆಲಸ ಎಂದು ನನಗೆ ಅನಿಸುವುದಿಲ್ಲ. ಒಂದು ತಳಿ ನಮ್ಮ ಹತ್ತಿರ ಉಳಿಯಬೇಕೆಂದರೆ ಅದನ್ನು ನಾಲ್ಕು ಮನೆಗೆ ಕೊಟ್ಟಿರಬೇಕು. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಡೇರೆಯನ್ನೇ ತೆಗೆದುಕೊಳ್ಳಿ. ಮೂಲದಲ್ಲಿ ಅದು ಮೆಕ್ಸಿಕೊದ್ದು. 1963ರಿಂದ ಆ ದೇಶದ ರಾಷ್ಟ್ರೀಯ ಹೂವು. ಇಲ್ಲಿ ಅದಿಲ್ಲದೆ ಚೌತಿ ಹಬ್ಬದ ಅಂಗಳವಿಲ್ಲ. ಆದರೆ ಡೇರೆಯ ಬೀಜ ಬಿತ್ತಿದರೆ ತಾಯಿಯ ಹೂವು ಬರುವುದಿಲ್ಲ. ಹೆಚ್ಚಿನ ಗಿಡಗಳಲ್ಲಿ ಗುಣಗಳನ್ನು ದಾಟಿಸುವ ವರ್ಣತಂತುಗಳು ಎರಡು ಪ್ರತಿ ಇದ್ದರೆ ತೋಟದ ಡೇರೆಯಲ್ಲಿ ಎಂಟು ಪ್ರತಿ ಇರುತ್ತವೆ. ಬೀಜ ಕಟ್ಟುವಾಗ ಅವು ಹೇಗೆ ಕಲೆಯುತ್ತವೆಂದು ಯಾರೂ ಹೇಳಲಾರರು. ಅಂಚಿಗೆ ಬಿಳಿ ಇರುವ ನೇರಳೆ ಡೇರೆ ಅದೇ ಬಣ್ಣದಲ್ಲಿ ಮುಂದುವರಿಯಬೇಕಿದ್ದರೆ ಗಡ್ಡೆಯಿಂದ ಇಲ್ಲವೇ ಹಿಳ್ಳಿನಿಂದ ಮಾತ್ರ ಸಾಧ್ಯ. ಆ ಗಡ್ಡೆಯೋ, ನೀರು ನಿಂತರೆ ಕೊಳೆಯುತ್ತದೆ. 2019ರ ಆಗಸ್ಟ್‌ನ ಮಳೆ ಯಾರಿಗೂ ಮರೆತಿಲ್ಲ. ಅತ್ತೆಯವರ ಕಾಲದಿಂದ ನಮ್ಮ ಅಂಗಳದಲ್ಲಿದ್ದ ಕಪ್ಪುಗೆಂಪು ಡೇರೆ ಆ ವರ್ಷ ಪೂರ್ತಿ ಹೋಯಿತು. ಮರುವರ್ಷ ಅದು ಮತ್ತೆ ಬಂದದ್ದು ಯಲ್ಲಾಪುರದ ಚಿಕ್ಕಮ್ಮನ ಮನೆಯಿಂದ. ಅವರಿಗೆ ಅತ್ತೆಯವರೇ ಎಂದೋ ಕೊಟ್ಟಿದ್ದರಂತೆ.

ಹಾಗಾಗಿ ಮೊದಲು ಡೇರೆಯ ಕೆಲಸ. ಅಡ್ಡಮಳೆ ಬಿದ್ದು ಗಡ್ಡೆಗಳು ಈಗ ಕಣ್ಣು ಬಿಡುತ್ತಿವೆ. ಒಂದು ವಿಷಯ ಗಮನಿಸಿ. ಡೇರೆಗೆ ಮೊಳಕೆ ಬರುವುದು ಗಡ್ಡೆಯ ಮೈಯಿಂದಲ್ಲ, ಹಳೇ ಕಾಂಡಕ್ಕೆ ಅಂಟಿಕೊಂಡ ಕುತ್ತಿಗೆಯಿಂದ. ಕುತ್ತಿಗೆ ಮುರಿದ ಗಡ್ಡೆ ಎಷ್ಟೇ ದಪ್ಪ ಇರಲಿ, ನೆಲದಲ್ಲಿ ತಿಂಗಳುಗಟ್ಟಲೆ ಗಟ್ಟಿಯಾಗಿ ಕೂತಿದ್ದರೂ ಮೊಳೆಯುವುದಿಲ್ಲ. ಗೊಂಚಲು ಬಿಡಿಸುವಾಗ ಪ್ರತಿ ಗಡ್ಡೆಯ ಜೊತೆಗೂ ಕಾಂಡದ ಬುಡದ ಒಂದು ಚೂರು, ಅದರಲ್ಲಿ ಕಾಣುವ ಒಂದು ಕಣ್ಣು ಇರಲೇಬೇಕು. ಕಣ್ಣು ಕಾಣದಿದ್ದರೆ ಬಿಡಿಸಬೇಡಿ, ಇನ್ನೊಂದು ವಾರ ಒದ್ದೆ ಮರಳಿನಲ್ಲಿಡಿ. ಹಿಳ್ಳು ತೆಗೆಯುವುದಾದರೆ ನಾಲ್ಕು ಬೆರಳು ಎತ್ತರ ಬಂದಾಗ, ಬುಡದಲ್ಲಿ ಕುತ್ತಿಗೆಯ ಸಣ್ಣ ತುಣುಕು ಸೇರಿಸಿ ಕೀಳಿ. ಹಾಗೆ ಕಿತ್ತದ್ದು ಬೇಗ ಬೇರು ಕೊಡುತ್ತದೆ.

ದಾಸವಾಳ ಎಲ್ಲರೂ ತರುತ್ತೀರಿ. ಪೆನ್ಸಿಲ್ ದಪ್ಪದ, ಬಲಿತ, ಆದರೆ ಮುದಿಯಾಗದ ಕಡ್ಡಿ ಆರಿಸಿ. ಒಂದು ಗೇಣು ಉದ್ದ ಸಾಕು. ಕೆಳಗಿನ ಕೊಯ್ತ ಗಣ್ಣಿಗೆ ಸರಿಯಾಗಿ ಕೆಳಗೆ ಬೀಳಬೇಕು, ಏಕೆಂದರೆ ಬೇರು ಹೊರಡುವುದು ಹೆಚ್ಚಾಗಿ ಆ ಗಣ್ಣಿನಿಂದಲೇ. ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದನ್ನು ತೆಗೆಯಿರಿ, ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿ. ಬೇರಿಲ್ಲದ ಕಡ್ಡಿಗೆ ಅಷ್ಟು ಎಲೆಗೆ ನೀರು ಒದಗಿಸಲು ಆಗುವುದಿಲ್ಲ. ನೆಟ್ಟ ಹತ್ತು ಹದಿನೈದು ದಿನಕ್ಕೆ ಹೊಸ ಚಿಗುರು ಬಂದರೆ ಹಿಗ್ಗಬೇಡಿ. ಕಡ್ಡಿಯಲ್ಲಿ ಕೂಡಿಟ್ಟ ಆಹಾರದಿಂದಲೇ ಆ ಚಿಗುರು ಬಂದಿರುತ್ತದೆ, ಕೆಳಗೆ ಒಂದೂ ಬೇರಿಲ್ಲದಿರಬಹುದು. ಚೀಲದ ತಳದ ತೂತಿನಲ್ಲಿ ಬಿಳಿ ಬೇರಿನ ತುದಿ ಕಂಡ ಮೇಲೆ, ಅಥವಾ ಮೆಲ್ಲಗೆ ಎಳೆದರೆ ಕಡ್ಡಿ ಹಿಡಿದುಕೊಂಡಂತೆ ಅನಿಸಿದ ಮೇಲೆ, ಅದು ಕೊಡುವ ಗಿಡ.

ತೊಂಡೆಯ ವಿಚಾರ ಬೇರೆ. ಅದರಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಬೀಜದಿಂದ ಎಬ್ಬಿಸಿದ ಬಳ್ಳಿ ಗಂಡಾದರೆ ಚಪ್ಪರ ತುಂಬ ಹೂವು, ಒಂದು ಕಾಯಿಲ್ಲ. ಕಾಯಿ ಬಿಡುವ ಬಳ್ಳಿಯ ತುಂಡನ್ನೇ ತನ್ನಿ. ಕರಿಬೇವಿನ ಬುಡದಲ್ಲಿ ಎದ್ದ ಮರಿಗಳನ್ನು ಕೊಡುವವರು ಇವತ್ತೇ ತಾಯಿಗೂ ಮರಿಗೂ ನಡುವಿನ ಬೇರನ್ನು ಗುದ್ದಲಿಯಿಂದ ಕಡಿದು, ಮರಿಯನ್ನು ಅಲ್ಲೇ ಬಿಡಿ. ಒಂದು ತಿಂಗಳು ತನ್ನ ಕಾಲ ಮೇಲೆ ನಿಂತ ಮರಿಯನ್ನು ಆಮೇಲೆ ಮಣ್ಣಿನ ಹೆಂಟೆ ಸಮೇತ ಎತ್ತಬಹುದು. ಬಸಳೆ, ದೊಡ್ಡಪತ್ರೆ, ಚಕ್ರಮುನಿ, ಒಂದೆಲಗಕ್ಕೆ ಇಷ್ಟೆಲ್ಲ ಉಪಚಾರ ಬೇಡ, ಕಡೆಯ ಎರಡು ಮೂರು ವಾರ ಸಾಕು. ಮಲ್ಲಿಗೆಯ ಬಳ್ಳಿ ಬಾಗಿಸಿ ಮಣ್ಣು ಮುಚ್ಚಿದ್ದು ಈ ಸಲಕ್ಕೆ ತಯಾರಾಗಲಿಕ್ಕಿಲ್ಲ, ಅವಸರ ಮಾಡಿ ಕತ್ತರಿಸಬೇಡಿ.

ಕುಂಡಕ್ಕೆ ದುಡ್ಡು ಹಾಕಬೇಡಿ. ಹಾಲಿನ ಪ್ಯಾಕೆಟ್ ತೊಳೆದು, ತಳದ ಎರಡೂ ಮೂಲೆ ಕತ್ತರಿಸಿದರೆ ಒಳ್ಳೆಯ ಚೀಲ. ಒಂದೆಲಗಕ್ಕೆ ತೂತು ಮಾಡಿದ ಕರಟ ಸಾಕು. ಅಡಕೆ ಹಾಳೆಯ ಕೊಟ್ಟೆಯಾದರೆ ಹಾಗೆಯೇ ನೆಲಕ್ಕಿಳಿಸಬಹುದು, ಬೇರು ಅಲುಗುವುದಿಲ್ಲ.

ಮಣ್ಣಿನ ವಿಷಯದಲ್ಲಿ ಮಾತ್ರ ಸ್ವಲ್ಪ ಕಟ್ಟುನಿಟ್ಟಾಗಿ ಹೇಳುತ್ತೇನೆ, ಬೇಸರಿಸಬೇಡಿ. ಕಾಳುಮೆಣಸಿಗೆ ಸೊರಗು ರೋಗ ಬಂದ ತೋಟದ ಮಣ್ಣನ್ನು ಯಾವ ಕಾರಣಕ್ಕೂ ಚೀಲಕ್ಕೆ ತುಂಬಬೇಡಿ. ಆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ಕೂತಿರುತ್ತದೆ, ನೀರಿನ ಜೊತೆ ಹರಿಯುತ್ತದೆ. ಪ್ರೀತಿಯಿಂದ ಕೊಟ್ಟ ಒಂದು ದಾಸವಾಳದ ಚೀಲದಿಂದ ಇನ್ನೊಬ್ಬರ ಬಳ್ಳಿಗಳೆಲ್ಲ ಸೊರಗಿದರೆ ಆ ನಷ್ಟ ಯಾರು ತುಂಬಿಕೊಡುತ್ತಾರೆ? ಏಲಕ್ಕಿ ಹಿಳ್ಳು ಈ ವಿನಿಮಯಕ್ಕೆ ಬೇಡವೆಂದು ನನ್ನ ಸಲಹೆ. ಏಲಕ್ಕಿಗೆ ಬರುವ ಕಟ್ಟೆ ರೋಗ ವೈರಸ್ಸಿನದು. ಸೋಂಕು ತಗಲಿದ ಹಿಳ್ಳಿನ ಜೊತೆಗೇ ದೂರ ಹೋಗುತ್ತದೆ, ಆಮೇಲೆ ಗಿಡಹೇನು ಅದನ್ನು ಪಕ್ಕದ ಬುಡಗಳಿಗೆ ಹರಡುತ್ತದೆ. ಹಿಳ್ಳು ಇನ್ನೂ ಎಳೆಯದಾಗಿದ್ದಾಗ ಎಲೆಯ ಮೇಲಿನ ಮಚ್ಚೆ ಎಲ್ಲರ ಕಣ್ಣಿಗೂ ಕಾಣುವುದಿಲ್ಲ.

ಚೀಲದ ಮಣ್ಣಿನಲ್ಲಿ ಇನ್ನೊಂದು ಅಪಾಯವಿದೆ, ಆಫ್ರಿಕದ ದೊಡ್ಡ ಬಸವನಹುಳು. ಅದನ್ನು 1847ರಲ್ಲಿ ಬಸವನಹುಳುಗಳ ಅಧ್ಯಯನದ ಹವ್ಯಾಸವಿದ್ದ ಒಬ್ಬ ಬ್ರಿಟಿಷ್ ವ್ಯಕ್ತಿ ಕಲ್ಕತ್ತೆಯ ತೋಟವೊಂದರಲ್ಲಿ ತಂದು ಬಿಟ್ಟ. ಇವತ್ತು ನಮ್ಮ ರಾಜ್ಯದಲ್ಲೂ ಅಡಕೆ, ಬಾಳೆ, ತರಕಾರಿಗೆ ಅದರ ಕಾಟವಿದೆ. ಮೊಟ್ಟೆಗಳು ಸಾಬಕ್ಕಿಯ ಹಾಗೆ ಗುಂಡಗೆ, ತುಸು ಹಳದಿ, ಮಣ್ಣಿನಲ್ಲಿ ಗುಂಪಾಗಿರುತ್ತವೆ. ಚೀಲ ತುಂಬುವ ಮುಂಚೆ ಮಣ್ಣನ್ನು ಜರಡಿ ಹಿಡಿಯಿರಿ. ಮೊಟ್ಟೆ ಕಂಡರೆ ಗದ್ದೆ ಬದುವಿಗೆ ಎಸೆಯಬೇಡಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ.

ಹಿಟ್ಟು ತಿಗಣೆಯ ಕಥೆಯನ್ನೂ ಕೇಳಿ. ಪಪ್ಪಾಯಿಯ ಹಿಟ್ಟು ತಿಗಣೆ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಬೇಗನೆ ಕರ್ನಾಟಕಕ್ಕೂ ಬಂತು. ಪಪ್ಪಾಯಿ ಮಾತ್ರವಲ್ಲ, ಹಿಪ್ಪುನೇರಳೆ, ದಾಸವಾಳ, ಸಿಕ್ಕಿದ್ದನ್ನೆಲ್ಲ ಹಿಡಿಯಿತು. ಔಷಧಿ ಹೊಡೆದು ಹೊಡೆದು ರೈತರು ಸೋತರು. ಕೊನೆಗೆ 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯವರು ಪೋರ್ಟೊರಿಕೊದಿಂದ ಸಣ್ಣ ಪರತಂತ್ರ ಕಣಜಗಳನ್ನು, ಅಂದರೆ ಆ ತಿಗಣೆಯ ಮೈಯೊಳಗೆ ಬೆಳೆದು ಅದನ್ನು ಕೊಲ್ಲುವ ಕಣಜಗಳನ್ನು, ತರಿಸಿ ಬಿಟ್ಟ ಮೇಲೆ ಅದು ಹತೋಟಿಗೆ ಬಂತು. ಅಷ್ಟು ದೊಡ್ಡ ಕಾಟದ ಹುಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಒಂದು ದಾಸವಾಳದ ಕಡ್ಡಿ ಸಾಕು. ಕಡ್ಡಿ ತೆಗೆಯುವ ಮೊದಲು ತಾಯಿ ಗಿಡದ ಎಲೆ ತಿರುವಿ ನೋಡಿ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿಯಲ್ಲಿ ಬೆಳ್ಳಗೆ ಹತ್ತಿಯಂಥದ್ದು ಕಂಡರೆ, ಇರುವೆಗಳು ಕಾಂಡದ ಮೇಲೆ ಸಾಲು ಹಚ್ಚಿದ್ದರೆ, ಆ ಗಿಡದಿಂದ ಈ ವರ್ಷ ಕಡ್ಡಿ ಬೇಡ.

ಬೀಜ ತರುವವರಿಗೆ ಎರಡು ಮಾತು. ಸೌತೆ ಬೀಜವನ್ನು ಸಗಣಿಯಲ್ಲಿ ಗೋಡೆಗೆ ತಟ್ಟಿ ಇಡುತ್ತಿದ್ದ ಅಜ್ಜಿಯಂದಿರು, ಅವರೆಯನ್ನು ಬೂದಿಯಲ್ಲಿ ಹೊರಳಿಸಿಡುತ್ತಿದ್ದವರು, ಹುಳು ಮತ್ತು ತೇವ ಎರಡನ್ನೂ ಬಲ್ಲವರಾಗಿದ್ದರು. ನಮ್ಮ ಮಳೆಗಾಲದ ಗಾಳಿಗೆ ಕಾಗದದ ಪೊಟ್ಟಣದೊಳಗಿನ ಬೀಜ ಬೂಸಲು ಹಿಡಿಯುತ್ತದೆ. ಹಾಗಾಗಿ ಈಗಿನ ಬಿಸಿಲಿನಲ್ಲೇ ಒಣಗಿಸಿ ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ. ತರುವ ಮುಂಚೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿ. ಏಳೆಂಟು ಮೊಳೆತರೆ ಧೈರ್ಯವಾಗಿ ಕೊಡಿ. ನಾಲ್ಕೇ ಮೊಳೆತರೆ ಹಾಗೆಂದು ಹೇಳಿ ಕೊಡಿ, ತಗೊಂಡವರು ದಟ್ಟವಾಗಿ ಬಿತ್ತಿಕೊಳ್ಳುತ್ತಾರೆ. ಬೀಜ ಹಂಚುವುದಕ್ಕೆ ಕಾನೂನಿನ ತೊಡಕಿದೆಯೇ ಎಂದು ಕೆಲವರು ಕೇಳಿದ್ದರು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮಿನಲ್ಲೇ ರೈತರು ತಮ್ಮ ಬೀಜವನ್ನು ಕಾದಿಡಬಹುದು, ಬದಲಾಯಿಸಿಕೊಳ್ಳಬಹುದು, ಹಂಚಿಕೊಳ್ಳಬಹುದು ಎಂದಿದೆ.

ಪ್ರತಿ ಚೀಲಕ್ಕೂ ಹೆಸರಿನ ಕಡ್ಡಿ ಬೇಕು. ಐಸ್‌ಕ್ರೀಮ್ ಕಡ್ಡಿ ಆಗುತ್ತದೆ, ಬಿದಿರಿನ ಸೀಳು ಇನ್ನೂ ಒಳ್ಳೆಯದು. ಪೆನ್ನಿನಲ್ಲಿ ಬರೆದದ್ದು ಒಂದೇ ಮಳೆಗೆ ಹೋಗುತ್ತದೆ, ಪೆನ್ಸಿಲ್ಲಿನಲ್ಲಿ ಬರೆಯಿರಿ, ಅದು ನೀರಿಗೆ ಅಳಿಸುವುದಿಲ್ಲ. ಹೂವಿನ ಬಣ್ಣ, ಬಿಸಿಲು ಬೇಕೋ ನೆರಳು ಸಾಕೋ, ಇಷ್ಟು ಒಂದು ಬದಿಗೆ. ಇನ್ನೊಂದು ಬದಿಗೆ, ನಿಮಗೆ ಅದು ಯಾರ ಮನೆಯಿಂದ ಬಂತು ಎನ್ನುವುದು. ಈ ಎರಡನೇ ಬದಿಯನ್ನು ದಯವಿಟ್ಟು ಖಾಲಿ ಬಿಡಬೇಡಿ. ನಾಳೆ ನಿಮ್ಮಲ್ಲಿ ಆ ಗಿಡ ಹೋದರೆ ಯಾರ ಮನೆ ಬಾಗಿಲು ತಟ್ಟಬೇಕೆಂದು ತಿಳಿಯುವುದು ಅದರಿಂದಲೇ.

ಕೆಲವನ್ನು ತರಬೇಡಿ ಎಂದೂ ಹೇಳಬೇಕಾಗಿದೆ. ಸೀತಾಳೆ ದಂಡೆ, ಅಂದರೆ ಮರದ ಮೇಲೆ ಬೆಳೆಯುವ ಆರ್ಕಿಡ್, ಈಗ ಹೂಬಿಡುವ ಕಾಲ, ನೋಡಿದರೆ ಆಸೆಯಾಗುವುದು ಸಹಜ. ಆದರೆ ಆ ಬೀಜ ಮೊಳೆಯಲು ಒಂದು ಶಿಲೀಂಧ್ರದ ನೆರವು ಬೇಕು, ಮೊಳೆತದ್ದು ಹೂ ಬಿಡುವಷ್ಟಾಗಲು ವರ್ಷಗಳೇ ಬೇಕು. ಕಾಡಿನ ಮರದಿಂದ ಕಿತ್ತು ತಂದದ್ದು ಈ ಮೇಜಿನ ಮೇಲೆ ಬೇಡ. ಮನೆಯ ಮರದಲ್ಲಿ ಬೆಳೆದು ಮರಿ ಹಾಕಿದ್ದರೆ ಅದು ಬೇರೆ ಮಾತು. ಹಾಗೆಯೇ ಹಳದಿ ಹೂವಿನ, ನೆಲದ ಮೇಲೆ ಹಬ್ಬುವ ಸಿಂಗಾಪುರ ಡೇಸಿ. ನೋಡಲು ಚಂದ, ಆದರೆ ಅಂಗಳ ದಾಟಿ ಹಳ್ಳದ ದಂಡೆಗೆ ಇಳಿದರೆ ಅಲ್ಲಿ ಬೇರೆ ಏನನ್ನೂ ಬೆಳೆಯಗೊಡುವುದಿಲ್ಲ. ಲಂಟಾನವನ್ನೂ ಹೀಗೇ ಹೂವಿನ ಚೆಂದಕ್ಕೆಂದು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಗೆ ತಂದಿದ್ದರು. ಇವತ್ತು ಬಂಡೀಪುರದ ಕಾಡು ನೋಡಿದವರಿಗೆ ಮುಂದಿನದನ್ನು ಹೇಳಬೇಕಿಲ್ಲ.

ಆ ದಿನದ ವ್ಯವಸ್ಥೆ ಸರಳ. ಒಂಬತ್ತೂವರೆಯೊಳಗೆ ಗಿಡಗಳನ್ನು ಮೇಜಿನ ಮೇಲಿಡಿ, ಹತ್ತರ ತನಕ ಯಾರೂ ಎತ್ತಿಕೊಳ್ಳುವುದು ಬೇಡ. ಒಂದಕ್ಕೆ ಒಂದು ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಬಾಡಿಗೆ ಮನೆಯಲ್ಲಿದ್ದು ಈಗಷ್ಟೇ ಶುರುಮಾಡಿದವರ ಹತ್ತಿರ ಕೊಡಲು ಏನಿರುತ್ತದೆ? ಅವರು ತೂತು ಮಾಡಿದ ಕರಟ ತರಲಿ, ಮೇಜು ಜೋಡಿಸಲಿ. ಮೊದಲ ಸುತ್ತಿನಲ್ಲಿ ಅವರೇ ಆರಿಸಿಕೊಳ್ಳಲಿ. ಕದ್ದು ತಂದ ಗಿಡವೇ ಚೆನ್ನಾಗಿ ಬರುತ್ತದೆ ಎಂಬ ಮಾತು ನಮ್ಮಲ್ಲಿದೆ, ಕೇಳಲು ಸಂಕೋಚಪಡುವವರು ಅದನ್ನೇ ಆಸರೆ ಮಾಡಿಕೊಳ್ಳುತ್ತಾರೆ. ನಮ್ಮ ನಡುವೆ ಸಂಕೋಚ ಬೇಡ. ಬೇಕಾದ ಗಿಡದ ಹೆಸರನ್ನು ಇವತ್ತೇ ಹಿಂದಿನ ಗೋಡೆಯ ಹಾಳೆಯಲ್ಲಿ ಬರೆಯಿರಿ. ಇದ್ದವರು ಅದರ ಪಕ್ಕದಲ್ಲಿ ತಮ್ಮ ಹೆಸರು ಬರೆದು, ಮನೆಗೆ ಹೋಗಿ ಕಡ್ಡಿ ನೆಡಲಿ.

ಮನೆಗೆ ಒಯ್ದ ಗಿಡವನ್ನು ಕೂಡಲೇ ಉಳಿದವುಗಳ ನಡುವೆ ಇಡಬೇಡಿ. ಎರಡು ವಾರ ಜಗಲಿಯ ಇನ್ನೊಂದು ತುದಿಯಲ್ಲಿ, ಸೂರಿನ ನೀರು ನೇರ ಬೀಳದ ಕಡೆ ಇರಲಿ, ದಿನಕ್ಕೊಮ್ಮೆ ಎಲೆಯಡಿ ನೋಡಿ. ಹುಳುವಿದ್ದರೆ ಅಷ್ಟರಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲದಿದ್ದರೆ ನೀರು ನಿಲ್ಲದಂತೆ ಏರು ಮಾಡಿ ನೆಲಕ್ಕಿಳಿಸಿ. ಡೇರೆಗಂತೂ ಈ ಏರು ಬೇಕೇ ಬೇಕು.

ಬಿಳಿ ಕನಕಾಂಬರ ಬೇಕೆಂದು ಹಾಳೆಯಲ್ಲಿ ಆಗಲೇ ಮೂವರು ಬರೆದಿದ್ದಾರೆ. ಯಾರ ಹತ್ತಿರ ಇದೆ, ಕೈ ಎತ್ತಿ.