ಎಲುಬು ಕಡಿಯುವವರ ಮನೆ

ಕೇಳುಗರಿಗೆ ನಮಸ್ಕಾರ.

ಉತ್ತರ ಜರ್ಮನಿಯಲ್ಲಿ ಹಿಲ್ಡೆಸ್‌ಹೈಮ್ ಅಂತ ಒಂದು ಊರು. ಅಲ್ಲಿನ ಪೇಟೆ ಚೌಕದಲ್ಲಿರುವ ಮರದ ಕಟ್ಟಡವೊಂದರ ಹೆಸರು ಕ್ನೋಖನ್‌ಹೌವರ್‌ಆಮ್ಟ್ಸ್‌ಹೌಸ್. ಬಿಡಿಸಿ ಹೇಳಿದರೆ, ಎಲುಬು ಕಡಿಯುವವರ ಸಂಘದ ಮನೆ. ಊರಿನ ಕಟುಕರು 1529ರಲ್ಲಿ ಕಟ್ಟಿಸಿದ್ದು. ಕೆಳಗೆ ಮಾಂಸದ ಅಂಗಡಿಗಳು, ಮೇಲೆ ಸಂಘದವರು ಸೇರುವ ಜಾಗ. ಮಾಂಸ ಮಾರುವವರ ಮನೆಗೆ ಇಷ್ಟೊಂದು ಸಿಂಗಾರವೇ ಅಂತ ಮೊದಲ ಸಲ ಚಿತ್ರ ನೋಡಿದಾಗ ಬೆರಗಾಗಿದ್ದೆ.

ಎತ್ತರ ಸುಮಾರು 26 ಮೀಟರ್. ಒಂದೊಂದು ಅಂತಸ್ತೂ ಕೆಳಗಿನದಕ್ಕಿಂತ ಒಂದಿಷ್ಟು ಮುಂದಕ್ಕೆ ಚಾಚಿದೆ. ಹಾಗೆ ಚಾಚಿದ್ದರಿಂದ ಮೇಲೆ ಜಾಗ ಹೆಚ್ಚು, ಮಳೆನೀರು ಕೆಳಗಿನ ಗೋಡೆಗೆ ಬಡಿಯದೆ ದೂರ ಬೀಳುತ್ತದೆ. ಚಾಚಿದ ಕಡೆಯಲ್ಲೆಲ್ಲ ಬಣ್ಣ ತುಂಬಿದ ಕೆತ್ತನೆ.

1884ರಲ್ಲಿ ಒಮ್ಮೆ ಬೆಂಕಿ ಬಿದ್ದಿತ್ತು, ಊರವರು ಸರಿಮಾಡಿಕೊಂಡರು. 1945ರ ಮಾರ್ಚ್ 22ರದು ಹಾಗಲ್ಲ. ಯುದ್ಧ ಮುಗಿಯಲು ಏಳು ವಾರವೂ ಉಳಿದಿರಲಿಲ್ಲ. ಅಂದಿನ ಬಾಂಬ್ ದಾಳಿಯಲ್ಲಿ ಹಳೇ ಊರೇ ಉರಿದುಹೋಯಿತು. ಓಕ್ ಮರದ ಆ ಮನೆ ಬೂದಿ. ಕ್ಯಾಥೆಡ್ರಲ್ ಗೋಡೆಗೆ ಹಬ್ಬಿದ್ದ, ಸಾವಿರ ವರ್ಷದ್ದೆಂದು ಜನ ನಂಬಿದ ಗುಲಾಬಿ ಗಿಡವೂ ಸುಟ್ಟಿತು. ಆದರೆ ಅದರ ಬೇರು ಸತ್ತಿರಲಿಲ್ಲ, ಕೆಲವೇ ವಾರಗಳಲ್ಲಿ ಚಿಗುರಿತು.

ಮನೆಗೆ ಅಂಥ ಬೇರು ಎಲ್ಲಿಂದ ಬರಬೇಕು? ಅರವತ್ತರ ದಶಕದಲ್ಲಿ ಆ ಜಾಗದಲ್ಲಿ ಕಾಂಕ್ರೀಟಿನ ಹೋಟೆಲ್ ಎದ್ದಿತು. ಊರವರ ಮನಸ್ಸಿನಿಂದ ಮಾತ್ರ ಹಳೇ ಮನೆ ಹೋಗಲಿಲ್ಲ. ಕೊನೆಗೆ ಹೋಟೆಲನ್ನೇ ಕೆಡವಿ, 1987ರಿಂದ 1989ರ ಒಳಗೆ ಅದೇ ಮನೆಯನ್ನು ಮತ್ತೆ ನಿಲ್ಲಿಸಿದರು. ಪಕ್ಕದ ರೊಟ್ಟಿ ಸುಡುವವರ ಸಂಘದ ಮನೆಯೂ ಜೊತೆಗೇ ಎದ್ದಿತು.

ಇದು ಬರೀ ನಕಲು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮುಖ ಮಾತ್ರ ಹಳೆಯದು, ಹಿಂದೆ ಕಾಂಕ್ರೀಟು ಅಂತಾಗಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಇಲ್ಲಿ ಓಕ್ ತೊಲೆಗಳಿಗೆ ಕಚ್ಚು ಕೊರೆದು, ಒಂದರೊಳಗೊಂದು ಕೂರಿಸಿ, ತೂತಿಗೆ ಮರದ ಗೂಟ ಹೊಡೆದು ಬಿಗಿ ಮಾಡಿದ್ದಾರೆ, 1529ರ ಬಡಗಿಗಳು ಮಾಡಿದ ಹಾಗೇ. ಮರ ಹೊಸದಿರಬಹುದು, ಕೆಲಸ ಹಳೆಯದೇ. ಎಂಬತ್ತರ ದಶಕದ ಬಡಗಿಗಳು ಅದನ್ನು ತಮ್ಮ ಕೈಯಾರೆ ಮಾಡಿದರಲ್ಲ, ನನಗೆ ಆ ಮನೆಗಿಂತ ಅದೇ ದೊಡ್ಡದಾಗಿ ಕಾಣುತ್ತದೆ.

ಮಾಂಸದ ಅಂಗಡಿಗಳಿದ್ದ ನೆಲದಂತಸ್ತಿಗೆ ಮತ್ತೆ ಕಟ್ಟಿದ ಮೇಲೆ ಊಟದ ಹೋಟೆಲ್ ಬಂತು. ಮೇಲಿನ ಅಂತಸ್ತುಗಳಲ್ಲಿ ಊರಿನ ಮ್ಯೂಸಿಯಂ.

ನಮಸ್ಕಾರ.